ಹಿತ್ತಲು ಸೇರಿದ ಟಿಲ್ಲರನ್ನು ಮತ್ತೆ ತೋಟಕ್ಕಿಳಿಸುವುದು ಹೇಗೆ?

ಕೊರಟಗೆರೆಯಿಂದ ಹೊಳವನಹಳ್ಳಿಗೋ, ಮಧುಗಿರಿಯಿಂದ ಬಡವನಹಳ್ಳಿ ದಾಟಿ ಶಿರಾ ಕಡೆಗೋ ಹೋಗುವಾಗ ಮನೆಗಳ ಹಿತ್ತಲನ್ನು ಸ್ವಲ್ಪ ಗಮನಿಸಿ. ಹುಲ್ಲಿನ ಮೆದೆಯ ಪಕ್ಕ, ತೆಂಗಿನ ಗರಿ ಹೊದ್ದುಕೊಂಡು ಒಂದು ಹಳೆಯ ಪವರ್ ಟಿಲ್ಲರ್ ನಿಂತಿರುತ್ತದೆ. ಹ್ಯಾಂಡಲ್ ಮೇಲೆ ಕೋಳಿ ಕೂತಿರುತ್ತದೆ. ಯಜಮಾನರು ಇದ್ದಾಗ ಅಡಿಕೆ ಸಾಲುಗಳ ನಡುವೆ ಓಡಾಡಿದ ಯಂತ್ರ ಅದು. ಮಗ ಬಾಡಿಗೆ ಟ್ರ್ಯಾಕ್ಟರ್ ಕರೆಸುವುದು ರೂಢಿಯಾದ ಮೇಲೆ ಮೂಲೆ ಸೇರಿದೆ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳುತ್ತಾರೆ. ಕೊಡಬೇಡಿ ಎಂದು ಹೇಳಲೆಂದೇ ಈ ಲೇಖನ.

ಅಮೆರಿಕದಲ್ಲಿ ಮನೆಯಂಗಳದ ಪುಟ್ಟ ಗಾರ್ಡನ್ ಟ್ರ್ಯಾಕ್ಟರುಗಳನ್ನು ಹುಡುಕಿ ತಂದು, ಬಿಚ್ಚಿ ಜೋಡಿಸಿ, ಬಣ್ಣ ಬಳಿದು ಸಾಕುವ ಹವ್ಯಾಸಿಗಳು ಬಹಳ. ಅವರಿಗೆ ಅಚ್ಚುಮೆಚ್ಚಿನ ಕಬ್ ಕೆಡೆಟ್ ಯಂತ್ರವನ್ನು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಹೊರತಂದಿತು. ಮಹೀಂದ್ರಾ ಜೊತೆ ಸೇರಿ ನಮ್ಮ ಹೊಲಗಳಿಗೆ ಬಿ-275 ಟ್ರ್ಯಾಕ್ಟರ್ ಕೊಟ್ಟದ್ದೂ ಇದೇ ಕಂಪನಿ. ಆದರೆ ನಮ್ಮ ಸೀಮೆಯ ನಿಜವಾದ ತೋಟದ ಯಂತ್ರ ಎಂದರೆ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದಿಂದ ಇದನ್ನು ತಯಾರಿಸಿತು. ಮಿತ್ಸುಬಿಷಿ ಶಕ್ತಿ ಎಂಬ ಹೆಸರು ಇಂದಿಗೂ ಹಳೆಯ ಬಾನೆಟ್ಟುಗಳ ಮೇಲೆ ಮಾಸದೆ ಉಳಿದಿದೆ. ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಆರಂಭವಾದ ಕ್ಯಾಮ್ಕೊ ಕುಬೋಟಾ ಜೊತೆ ಸೇರಿ ಇನ್ನೊಂದು ಟಿಲ್ಲರ್ ತಂದಿತು. ತುಮಕೂರಿನಲ್ಲಿ ಕೈಗಡಿಯಾರ ಮಾಡುತ್ತಿದ್ದ ಎಚ್‌ಎಂಟಿಯ ಟ್ರ್ಯಾಕ್ಟರುಗಳೂ ಅಲ್ಲಲ್ಲಿ ಸಿಗುತ್ತವೆ. ಹವ್ಯಾಸಕ್ಕೆ ಮೊದಲು ಕೈ ಹಾಕುವವರು ಟಿಲ್ಲರಿನಿಂದಲೇ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಒಂದೇ ಸಿಲಿಂಡರ್ ಇರುತ್ತದೆ, ಎಲ್ಲ ಭಾಗವೂ ಕೈಗೆ ಎಟುಕುತ್ತದೆ, ಮರದ ಕೊಂಬೆಗೆ ಚೈನ್‌ಪುಲ್ಲಿ ಕಟ್ಟಿ ಇಂಜಿನ್ ಇಳಿಸಬಹುದು.

ನೋಡಿ ತರುವುದು

ಮನೆಯಲ್ಲೇ ಇದ್ದರೆ ಸರಿ. ಹೊರಗೆ ಕೊಳ್ಳುವುದಾದರೆ ಬಣ್ಣಕ್ಕೆ ಮರುಳಾಗಬೇಡಿ. ಹೊಸ ಬಣ್ಣದ ಕೆಳಗೆ ಬಿರುಕು ಬಿಟ್ಟ ಗೇರ್‌ಬಾಕ್ಸ್ ಇರಬಹುದು. ಡೆಕಂಪ್ರೆಷನ್ ಲಿವರ್ ಎತ್ತಿ ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸಿ. ಸಲೀಸಾಗಿ ತಿರುಗಬೇಕು. ಲಿವರ್ ಬಿಟ್ಟು ನಿಧಾನವಾಗಿ ತಿರುಗಿಸಿದರೆ ಒಂದು ಹಂತದಲ್ಲಿ ಗಟ್ಟಿಯಾಗಿ ಎದುರೊತ್ತಬೇಕು. ಎದುರೊತ್ತದಿದ್ದರೆ ರಿಂಗ್ ಅಥವಾ ವಾಲ್ವ್ ಹೋಗಿದೆ. ಪೂರ್ತಿ ಜಾಮ್ ಆಗಿದ್ದರೆ ಹೆದರಬೇಕಿಲ್ಲ, ಆದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಮಾತಾಡಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ.

ಇಂಜಿನ್ ನಂಬರಿನ ಪ್ಲೇಟ್ ಇದೆಯೇ, ನೋಡಿಕೊಳ್ಳಿ. ಬಿಡಿಭಾಗದ ಅಂಗಡಿಯವರು ಮೊದಲು ಕೇಳುವುದೇ ಮಾಡೆಲ್ ಯಾವುದು ಎಂದು. ಟ್ರ್ಯಾಕ್ಟರ್ ಆದರೆ ಆರ್‌ಸಿ ಪುಸ್ತಕದ ಇಂಜಿನ್ ಮತ್ತು ಚಾಸಿಸ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ ವ್ಯಾಪಾರವನ್ನೇ ಬಿಡಿ. ಈಗ ಮಧುಗಿರಿಯ ನೋಂದಣಿ ಕೆಎ-64, ಹಿಂದಿನವು ಬಹುಪಾಲು ತುಮಕೂರಿನ ಕೆಎ-06. ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಬಿಚ್ಚುವ ಮೊದಲು

ಮೊಬೈಲಿನಲ್ಲಿ ಎಲ್ಲ ದಿಕ್ಕಿನಿಂದಲೂ ಫೋಟೊ ತೆಗೆಯಿರಿ. ಬಿಚ್ಚಿದ ಬೋಲ್ಟುಗಳನ್ನು ಒಂದೇ ಬಾಣಲೆಗೆ ಸುರಿಯಬೇಡಿ. ಹಳೆಯ ಡಬ್ಬಗಳ ಮೇಲೆ ಗೇರ್ ಕಡೆ, ರೋಟರಿ ಕಡೆ, ಬೆಲ್ಟ್ ಕವರ್ ಎಂದು ಚೀಟಿ ಅಂಟಿಸಿ. ತುಕ್ಕು ಹಿಡಿದ ನಟ್ಟನ್ನು ಮೊದಲ ದಿನವೇ ಬಲವಂತ ಮಾಡಿ ತಿರುವಬಾರದು. ಡೀಸೆಲ್ ಬಿಟ್ಟು ಎರಡು ರಾತ್ರಿ ಕಾಯಿರಿ.

ಸಣ್ಣ ನಟ್ಟು ಬೋಲ್ಟು, ಪಿನ್ನುಗಳ ತುಕ್ಕಿಗೆ ನಮ್ಮ ಕಡೆ ಧಾರಾಳವಾಗಿ ಸಿಗುವ ಹುಣಸೆಹಣ್ಣೇ ಮದ್ದು. ಹಳೆಯ ಹುಣಸೆಯನ್ನು ನೀರಿನಲ್ಲಿ ಕಿವುಚಿ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಕೂಡಲೇ ಎಣ್ಣೆ ಸವರಿ. ಸವರದಿದ್ದರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ. ಅಲ್ಯುಮಿನಿಯಂ ಭಾಗಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ, ಹುಳಿ ಅವುಗಳನ್ನು ತಿನ್ನುತ್ತದೆ.

ಜಾಮ್ ಆದ ಇಂಜಿನ್

ಇಲ್ಲಿ ಅವಸರಪಟ್ಟವರು ಇಂಜಿನ್ ಕಳೆದುಕೊಳ್ಳುತ್ತಾರೆ. ಸುತ್ತಿಗೆಯಿಂದ ಹೊಡೆಯುವುದು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸುವುದು, ಎರಡೂ ಬೇಡ. ನಾಜಲ್ ಬಿಚ್ಚಿ, ಆ ತೂತಿನಿಂದ ಅರ್ಧ ಡೀಸೆಲ್ ಅರ್ಧ ಇಂಜಿನ್ ಆಯಿಲ್ ಬೆರೆಸಿ ಸುರಿದು, ಬಟ್ಟೆಯಿಂದ ಮುಚ್ಚಿಡಿ. ಒಂದು ವಾರ ಹಾಗೇ ಬಿಡಿ. ಆಮೇಲೆ ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ. ನಮ್ಮ ತೋಟದ ಟಿಲ್ಲರ್ ಸಡಿಲಾಗಲು ಹನ್ನೊಂದು ದಿನ ಬೇಕಾಯಿತು. ಕೊನೆಗೆ ಕದಲಿದ್ದು ಒಂದು ಬೆರಳಗಲ. ಅಂದು ಸಂಜೆ ಅಮ್ಮ ಹಿತ್ತಲಿಗೆ ಬಂದು ಸುಮ್ಮನೆ ಅದನ್ನು ಮುಟ್ಟಿ ನೋಡಿ ಹೋದರು.

ಸಡಿಲಾದ ಮೇಲೆ ನಾಜಲ್ ಹಾಕುವ ಮೊದಲು ಹ್ಯಾಂಡಲ್ ತಿರುಗಿಸಿ ಒಳಗಿನ ಎಣ್ಣೆಯನ್ನೆಲ್ಲ ಆ ತೂತಿನಿಂದಲೇ ಹೊರಹಾಕಬೇಕು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಒಳಗೆ ಉಳಿದಿದ್ದರೆ ಸ್ಟಾರ್ಟ್ ಮಾಡುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಕೆಳಗಿಳಿದು ಸಂಪ್‌ನ ಆಯಿಲನ್ನೂ ತೆಳುವಾಗಿಸಿರುತ್ತದೆ, ಅದನ್ನು ಬಸಿದು ಹೊಸದು ತುಂಬಿ. ಏರ್ ಕ್ಲೀನರಿನ ತಳದ ಬಟ್ಟಲಲ್ಲೂ ಆಯಿಲ್ ಇರಬೇಕು. ಅದು ಒಣಗಿದ್ದರೆ ಪಾವಗಡದ ಬೇಸಿಗೆಯ ಧೂಳು ನೇರವಾಗಿ ಲೈನರಿಗೆ ಹೋಗುತ್ತದೆ.

ಡೀಸೆಲ್ ಹಾದಿ

ಟ್ಯಾಂಕಿನ ಒಳಗೆ ತುಕ್ಕು ಇದ್ದೇ ಇರುತ್ತದೆ. ಅದನ್ನು ಬಿಚ್ಚಿ, ಒಂದು ಮೊಳ ಹಳೆಯ ಸೈಕಲ್ ಚೈನನ್ನೂ ಸ್ವಲ್ಪ ಡೀಸೆಲನ್ನೂ ಹಾಕಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ. ಡೀಸೆಲ್ ತಿಳಿಯಾಗಿ ಹೊರಬರುವ ತನಕ ಇದೇ ಕೆಲಸ. ಫಿಲ್ಟರ್ ಹೊಸದೇ ಹಾಕಿ. ನಾಜಲ್ ಮತ್ತು ಪಂಪಿನ ಒಳಭಾಗಗಳನ್ನು ಮನೆಯಲ್ಲಿ ಬಿಚ್ಚದೆ ಡೀಸೆಲ್ ಪಂಪ್ ರಿಪೇರಿ ಮಾಡುವವರಲ್ಲಿಗೆ ಒಯ್ಯಿರಿ.

ಮತ್ತೆ ಜೋಡಿಸಿದಾಗ ಪೈಪಿನಲ್ಲಿ ಗಾಳಿ ಹಿಡಿದಿರುತ್ತದೆ. ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿಯಿರಿ. ಆಮೇಲೆ ಪಂಪಿನದು. ಕೊನೆಗೆ ನಾಜಲಿಗೆ ಹೋಗುವ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಹ್ಯಾಂಡಲ್ ತಿರುಗಿಸಿ. ಡೀಸೆಲ್ ಬಿಟ್ಟುಬಿಟ್ಟು ಜಿನುಗಿದರೆ ಬಿಗಿಯಿರಿ. ನಾಜಲ್ ಸಿಂಪಡಿಸುವ ಎದುರಿಗೆ ಎಂದೂ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ.

ನೀರಿನ ವಿಚಾರ

ಇದನ್ನು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ನಮ್ಮ ಈ ನಾಲ್ಕೂ ತಾಲ್ಲೂಕಿನ ಹಳೆಯ ಇಂಜಿನುಗಳನ್ನು ಕೆಡಿಸಿದ್ದು ಹೆಚ್ಚಾಗಿ ನೀರು. ಪಾವಗಡ, ಶಿರಾ ಕಡೆಯ ಆಳದ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಂಜಿನ್ನಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಲೈನರಿನ ಶಾಖ ನೀರಿಗೆ ದಾಟುವುದು ಕಡಿಮೆಯಾಗುತ್ತದೆ. ಹಾಪರ್ ತುಂಬ ನೀರಿದ್ದರೂ ಇಂಜಿನ್ ಸುಡುತ್ತದೆ. ಮೊದಲ ವರ್ಷ ನಾನೂ ಬೋರ್ ನೀರನ್ನೇ ತುಂಬಿ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡೆ. ಈಗ ಸೂರಿನಿಂದ ಹಿಡಿದ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಯಂತ್ರಕ್ಕೆಂದೇ ಇಟ್ಟಿದ್ದೇನೆ. ಮಳೆ ಇಲ್ಲದ ವರ್ಷ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಸಾಕು. ರೇಡಿಯೇಟರ್ ಇರುವ ಮಾಡೆಲ್ ಆದರೆ ಕೂಲೆಂಟ್ ಬೆರೆಸಿ, ತುಕ್ಕೂ ತಡೆಯುತ್ತದೆ.

ಬೆಲ್ಟ್, ರೋಟರಿ

ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ಹೋಗುವುದು ವಿ-ಬೆಲ್ಟುಗಳ ಮೂಲಕ. ಒಂದು ಹರಿದಿದೆ ಎಂದು ಒಂದನ್ನೇ ಬದಲಿಸಬೇಡಿ. ಹೊಸದೊಂದೇ ಭಾರ ಹೊತ್ತು ಬೇಗ ಹೋಗುತ್ತದೆ. ಇರುವಷ್ಟನ್ನೂ ಒಟ್ಟಿಗೆ ಹಾಕಿ. ರೋಟರಿಯ ಬ್ಲೇಡುಗಳಲ್ಲಿ ಎಡ ಬಲ ಎಂದಿದೆ, ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ. ಆಯಿಲ್ ಸೀಲುಗಳನ್ನು ಬದಲಿಸಿ.

ಬಿಡಿಭಾಗಕ್ಕೆ ತುಮಕೂರು, ಬೆಂಗಳೂರಿನ ಜೆ.ಸಿ. ರಸ್ತೆ, ಪಾವಗಡದವರಿಗೆ ಹಿಂದೂಪುರ ಹತ್ತಿರ. ಹಳೆಯ ಸೀಲ್, ಬೇರಿಂಗನ್ನು ಕೈಯಲ್ಲೇ ಹಿಡಿದು ಹೋಗಿ. ಅದರ ಅಂಚಿನಲ್ಲಿ ಕೊರೆದ ನಂಬರ್ ಇದ್ದರೆ ಅದೇ ಅಳತೆಯದು ಬೇರೆ ಯಂತ್ರದ ಅಂಗಡಿಯಲ್ಲೂ ಸಿಗುತ್ತದೆ. ಎಲ್ಲಿಯೂ ಸಿಗದ ಬುಷ್, ಪಿನ್ನುಗಳನ್ನು ಲೇತಿನವರು ಮಾಡಿಕೊಡುತ್ತಾರೆ.

ಮೊದಲ ಸ್ಟಾರ್ಟ್

ಡೆಕಂಪ್ರೆಷನ್ ಎತ್ತಿ ಮೂವತ್ತು ನಲವತ್ತು ಸುತ್ತು ಹ್ಯಾಂಡಲ್ ತಿರುಗಿಸಿ, ಆಯಿಲ್ ಎಲ್ಲ ಕಡೆ ಹತ್ತಲಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಪಕ್ಕದಲ್ಲೇ ಇರಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮುಂಗೈ ಮುರಿಯುತ್ತದೆ. ಲುಂಗಿ, ಟವೆಲ್ ಬೇಡ, ಬೆಲ್ಟ್ ಕವರ್ ಇಲ್ಲದೆ ಓಡಿಸಲೇ ಬೇಡಿ. ಶುರುವಿನ ಬಿಳಿ ಹೊಗೆ ಇಂಜಿನ್ ಬಿಸಿಯಾಗುತ್ತಿದ್ದಂತೆ ಕಡಿಮೆಯಾಗಬೇಕು. ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ಬದಲಿಸುವ ಖರ್ಚಿಗೆ ಸಿದ್ಧರಾಗಿ.

ಬಣ್ಣ, ಸಿಂಗಾರ

ಬಣ್ಣದ ಸರದಿ ಬರುವುದು ಇಂಜಿನ್ ಓಡಿದ ಮೇಲೆಯೇ. ಮೊದಲೇ ಬಳಿದರೆ ಡೀಸೆಲ್ ಸೋರಿ ಎಲ್ಲ ಎದ್ದುಬರುತ್ತದೆ. ಮೂಲ ಬಣ್ಣ ಯಾವುದೆಂದು ಬಿಸಿಲು ಬೀಳದ ಜಾಗ ಹೇಳುತ್ತದೆ, ಬೆಲ್ಟ್ ಕವರಿನ ಒಳಮೈ ನೋಡಿ. ಆ ತುಂಡನ್ನೇ ಪೇಂಟ್ ಅಂಗಡಿಗೆ ಒಯ್ದರೆ ಸರಿಹೊಂದಿಸಿ ಕೊಡುತ್ತಾರೆ. ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಒಂದು ಕೋಟ್, ಮೇಲೆ ಎನಾಮಲ್ ತೆಳುವಾಗಿ ಎರಡು ಕೋಟ್. ನಂಬರ್ ಪ್ಲೇಟ್, ಗ್ರೀಸ್ ನಿಪ್ಪಲ್, ರಬ್ಬರ್ ಭಾಗಗಳಿಗೆ ಟೇಪ್ ಅಂಟಿಸಿ ಮುಚ್ಚಿಕೊಳ್ಳಿ.

ನಿಮ್ಮಿಷ್ಟದಂತೆ ಬದಲಾಯಿಸುವ ಆಸೆ ಇಲ್ಲಿಂದ ಶುರುವಾಗುತ್ತದೆ. ನಾನು ಪಾಲಿಸುವುದು ಒಂದೇ ನಿಯಮ: ಬೋಲ್ಟ್ ಹಾಕಿ ಸೇರಿಸಬಹುದು, ಕತ್ತರಿಸಿ ವೆಲ್ಡ್ ಮಾಡಬಾರದು. ಮುಂದೆ ಯಾರಾದರೂ ಮೂಲ ರೂಪಕ್ಕೆ ತರಬೇಕೆಂದರೆ ಸ್ಪ್ಯಾನರ್ ಒಂದರಿಂದ ಆಗಬೇಕು. ಬ್ಯಾಟರಿಯ ಎಲ್‌ಇಡಿ ದೀಪ, ಟೂಲ್‌ಬಾಕ್ಸ್, ರೋಟರಿ ಹಿಂದೆ ಕೂರುವ ಸೀಟು, ಗದ್ದೆಗೆ ಕಬ್ಬಿಣದ ಕೇಜ್ ವೀಲ್, ಬಾನೆಟ್ ಮೇಲೆ ಕೈಯಲ್ಲಿ ಬರೆಸಿದ ತಂದೆಯ ಹೆಸರು, ಇವೆಲ್ಲ ಚೆಂದ. ಸ್ಟಿಕ್ಕರಿಗಿಂತ ಬೋರ್ಡ್ ಬರೆಯುವ ಕಲಾವಿದರಿಂದಲೇ ಬರೆಸಿ, ಆ ಕೈಗಳೂ ಕಡಿಮೆಯಾಗುತ್ತಿವೆ. ಸೈಲೆನ್ಸರ್ ಕಿತ್ತು ಸದ್ದು ಮಾಡುವುದು, ಗವರ್ನರಿನ ಸೀಲ್ ಒಡೆದು ವೇಗ ಹೆಚ್ಚಿಸುವುದು ಬೇಡ. 13 ಎಚ್‌ಪಿ ಟಿಲ್ಲರ್ ನಿಮಿಷಕ್ಕೆ 2400 ಸುತ್ತಿಗೆಂದು ಮಾಡಿದ ಯಂತ್ರ, ಅದರಾಚೆಗೆ ಫ್ಲೈವೀಲ್ ಅಪಾಯ. ನೋಂದಣಿಯಾದ ಟ್ರ್ಯಾಕ್ಟರಿನಲ್ಲಿ ತಯಾರಕರು ಕೊಟ್ಟ ವಿವರಗಳನ್ನು ಇಷ್ಟಬಂದಂತೆ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡ್ಡಿಯಿದೆ. ಇಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ.

ತೋಟಕ್ಕಿಳಿದ ಮೇಲೆ

ಟಿಲ್ಲರ್ ಹೊಸದಾಗಿ ಹಿಡಿಯುವ ಹುಡುಗರಿಗೆ ಇದನ್ನು ಹೇಳಿಕೊಡಲೇಬೇಕು. ಸಮತಟ್ಟಿನಲ್ಲಿ ಬಲಕ್ಕೆ ತಿರುಗಲು ಬಲಗಡೆಯ ಕ್ಲಚ್ ಒತ್ತುತ್ತೇವೆ, ಆ ಚಕ್ರಕ್ಕೆ ಬಲ ನಿಂತು ಗಾಡಿ ಬಲಕ್ಕೆ ಹೊರಳುತ್ತದೆ. ಇಳಿಜಾರಿನಲ್ಲಿ ಇದು ತಲೆಕೆಳಗು. ಅಲ್ಲಿ ಚಕ್ರವನ್ನು ತಡೆದು ಹಿಡಿದಿರುವುದೇ ಇಂಜಿನ್. ಬಲಗಡೆಯ ಕ್ಲಚ್ ಒತ್ತಿದರೆ ಬಲಚಕ್ರ ಬಿಡುಗಡೆಯಾಗಿ ಮುಂದಕ್ಕೆ ಉರುಳುತ್ತದೆ, ಗಾಡಿ ಎಡಕ್ಕೆ ನುಗ್ಗುತ್ತದೆ. ಬದುವಿನಿಂದ ಇಳಿಸುವಾಗ ಆಗುವ ಅನಾಹುತಗಳ ಮೂಲ ಇದು. ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ, ಹ್ಯಾಂಡಲನ್ನು ಮೈಬಲದಿಂದ ತಳ್ಳಿ ತಿರುಗಿಸಿ. ರಿವರ್ಸ್ ಹಾಕುವಾಗ ರೋಟರಿ ನಿಂತಿರಬೇಕು, ನಿಮ್ಮ ಬೆನ್ನ ಹಿಂದೆ ಮರವಾಗಲಿ ಗೋಡೆಯಾಗಲಿ ಇರಬಾರದು. ಹ್ಯಾಂಡಲ್ ಮೇಲೆದ್ದು ಎದೆಗೆ ಒತ್ತುತ್ತದೆ.

ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಟಿಲ್ಲರ್ ಸರಾಗವಾಗಿ ಹೋಗುತ್ತದೆ. ಆದರೆ ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಬುಡದ ಹತ್ತಿರ ರೋಟರಿಯನ್ನು ಆಳಕ್ಕೆ ಬಿಡಬೇಡಿ. ಸಾಲಿನ ನಡುವಿನ ಕಳೆಗೆ ಎರಡು ಮೂರು ಬೆರಳಿನಷ್ಟು ಆಳ ಸಾಕು.

ಕೆಲಸ ಇಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಓಡಿಸಿ. ಟ್ಯಾಂಕ್ ತುಂಬಿಡಿ, ಖಾಲಿ ಟ್ಯಾಂಕಿನಲ್ಲಿ ತೇವ ಕೂರುತ್ತದೆ. ಟೈರಿನ ಕೆಳಗೆ ಹಲಗೆ, ಸೈಲೆನ್ಸರಿನ ಬಾಯಿಗೆ ಒಂದು ಡಬ್ಬ. ಆಯಿಲ್ ಬದಲಿಸಿದ ದಿನ, ಬೆಲ್ಟ್ ಹಾಕಿದ ದಿನ, ಸೀಲಿನ ನಂಬರ್, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಟೂಲ್‌ಬಾಕ್ಸಿನಲ್ಲೇ ಇಡಿ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯಲ್ಲಿ ಕೃಷಿ ವಸ್ತುಪ್ರದರ್ಶನ ನಡೆಯುತ್ತದೆ, ಹೊಸ ಯಂತ್ರ ನೋಡಲು ಬರುವ ಹಿರಿಯರಲ್ಲಿ ಹಳೆಯ ಟಿಲ್ಲರ್ ಓಡಿಸಿದವರು ಸಿಗುತ್ತಾರೆ. ನಿಮ್ಮ ಮಾಡೆಲ್ ಹೆಸರು ಹೇಳಿ ಮಾತಿಗೆಳೆಯಿರಿ, ನೋಟ್‌ಬುಕ್ ಜೊತೆಗಿರಲಿ.