ಫ್ರೇಸರ್ ಫರ್ ಮರವೂ ಅದರ ಬೇರುಕೊಳೆ ರೋಗವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದಲ್ಲಿ ಆಪಲೇಷಿಯನ್ ಎಂಬ ಪರ್ವತಶ್ರೇಣಿಯುಂಟು. ಇದರ ದಕ್ಷಿಣ ಶಿಖರಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಅಡಿಗೆ ಮೇಲ್ಪಟ್ಟು, ಫ್ರೇಸರ್ ಫರ್ ಎಂಬ ಸೂಜಿಯೆಲೆಯ ಮರವು ತಾನಾಗಿ ಬೆಳೆಯುವುದು. ಕ್ರೈಸ್ತರು ಡಿಸೆಂಬರ್ 25ನೆಯ ತಾರೀಖಿನ ಹಬ್ಬಕ್ಕೆ ಮನೆಯೊಳಗೆ ನಿಲ್ಲಿಸಿ ಅಲಂಕರಿಸುವ ಮರಗಳಲ್ಲಿ ಇದಕ್ಕೆ ಬಹಳ ಮನ್ನಣೆ. ಕಡಿದ ಮೇಲೂ ಬುಡಕ್ಕೆ ನೀರಿಟ್ಟಲ್ಲಿ ವಾರಗಟ್ಟಲೆ ಎಲೆಯುದುರದು. ಆದಕಾರಣ ನಾರ್ತ್ ಕೆರೊಲೈನಾ ಸಂಸ್ಥಾನದ ಪಶ್ಚಿಮ ಗುಡ್ಡಗಾಡಿನ ರೈತರು ಇದನ್ನು ಹೊಲದ ಪೈರಿನಂತೆಯೇ ಸಾಗುವಳಿ ಮಾಡುತ್ತಾರೆ.

ಸಸಿಯು ಪಾತಿಯಲ್ಲಿ ಮೂರರಿಂದ ಐದು ವರ್ಷ ಕಳೆದು ಹೊಲಕ್ಕೆ ಬರುವುದು. ಐದಡಿಗೊಂದರಂತೆ ನೆಟ್ಟಲ್ಲಿ ಎಕರೆಗೆ ಸುಮಾರು 1,700 ಸಸಿಗಳು ಹಿಡಿಯುವುವು. ಆಳೆತ್ತರವಾಗಲು ಮತ್ತೆ ಏಳೆಂಟು ವರ್ಷ ಬೇಕು; ಬೇಸಗೆಯಲ್ಲಿ ಕತ್ತಿಯಿಂದ ಸವರಿ ಗೋಪುರದ ಆಕಾರಕ್ಕೆ ತರುತ್ತಿರಬೇಕು. ಫಸಲು ಮಾತ್ರ ಒಂದೇ ಸಲ. ಇಷ್ಟು ಕಾಲದ ದುಡಿಮೆಯನ್ನೆಲ್ಲ ಬೇರುಕೊಳೆ ಎಂಬ ಒಂದು ರೋಗವು ಕೊಂಡೊಯ್ಯಬಲ್ಲದು.

ಮೈಸೂರು ಸೀಮೆಯಲ್ಲಿ ಈ ಮರದ ಸಾಗುವಳಿಯಿಲ್ಲವಾದರೂ ಅದರ ಶತ್ರುವು ಮಲೆನಾಡಿನವರಿಗೆ ತೀರ ಅಪರಿಚಿತವಲ್ಲ. ಅಡಿಕೆಗೆ ಕೊಳೆರೋಗವನ್ನು ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯ ಕುಲದಲ್ಲಿಯೇ ಇದೂ ಒಂದು ಜಾತಿ. 1922ರಲ್ಲಿ ಸುಮಾತ್ರ ದ್ವೀಪದ ದಾಲ್ಚಿನ್ನಿ ಮರಗಳಲ್ಲಿ ಮೊದಲು ವರ್ಣಿತವಾದುದು. ಅಡಿಕೆಯ ಗೊನೆಯನ್ನು ಡಾಕ್ಟರ್ ಕೋಲ್ಮನ್ ಸಾಹೇಬರು ತೋರಿಸಿಕೊಟ್ಟ ಮೈಲುತುತ್ತ ಮತ್ತು ಸುಣ್ಣದ ದ್ರಾವಣದಿಂದ ಕಾಪಾಡಬಹುದು. ಫರ್ ಮರದ ರೋಗವಾದರೋ ಮಣ್ಣಿನೊಳಗಿರುವುದು. ಹಿಡಿದ ಮರವನ್ನು ಗುಣಪಡಿಸುವ ಮದ್ದಿಲ್ಲ.

ಮೊದಲು ಕೆಳಗೊಂಬೆಗಳು ಹಳದಿಗೆ ತಿರುಗಿ, ಆಮೇಲೆ ಕೆಂಗಂದಾಗುವುವು. ಬುಡದ ತೊಗಟೆಯನ್ನು ಹೆರೆದು ನೋಡಿದಲ್ಲಿ, ಬಿಳುಪಾಗಿರಬೇಕಾದ ಒಳಪದರವು ಕಂದಾಗಿರುವುದು. ರೋಗದ ಬೀಜಾಣುಗಳು ನೀರಿನಲ್ಲಿ ಈಜಬಲ್ಲವಾದ್ದರಿಂದ ನೀರು ನಿಲ್ಲುವ ತಗ್ಗು ಇದಕ್ಕೆ ಎಂದಿಗೂ ತಕ್ಕದ್ದಲ್ಲ. ಮೇಲಿನ ಹೊಲದವನು ಹರಿಯಬಿಟ್ಟ ನೀರು ಕೆಳಗಿನವನಿಗೆ ರೋಗವನ್ನೂ ಹೊತ್ತು ತರುವುದು. ಇಬ್ಬರೂ ಕೂಡಿ ಕಾಲುವೆ ತೆಗೆಯದೆ ಒಬ್ಬನ ಎಚ್ಚರದಿಂದ ಕೆಲಸವಾಗದು. ಕೊಂಡ ಸಸಿಯ ಬೇರನ್ನು ನೋಡಿಯೇ ನೆಡತಕ್ಕದ್ದು. ರೋಗದ ಹೊಲದಲ್ಲಿ ಆಡಿದ ಗುದ್ದಲಿ, ಪಾದರಕ್ಷೆಗಳ ಮಣ್ಣನ್ನು ತೊಳೆಯದೆ ಬೇರೆ ಹೊಲಕ್ಕೆ ಕಾಲಿಡಕೂಡದು.

ಸಾಲಿನಲ್ಲಿ ತೆರಪು ಕಾಣಬಾರದೆಂದು ಸತ್ತ ಮರದ ಗುಂಡಿಯಲ್ಲಿಯೇ ಹೊಸ ಸಸಿಯನ್ನಿಡುವವರುಂಟು. ರೋಗಾಣುವು ಮಣ್ಣಿನಲ್ಲಿ ಅನೇಕ ವರ್ಷ ಬದುಕಿರುವುದರಿಂದ ಇದು ಸಸಿಯನ್ನು ಕೊಂದಂತೆಯೇ ಸರಿ. ಜಪಾನಿನ ಮೋಮಿ ಫರ್ ಮರದ ಬೇರು ಈ ರೋಗವನ್ನು ಚೆನ್ನಾಗಿ ತಡೆಯುವುದು. ಅದರ ಸಸಿಗೆ ಫ್ರೇಸರ್ ಕುಡಿಯನ್ನು ಕಸಿ ಮಾಡಿ ಅಂಥ ಜಾಗದಲ್ಲಿ ನೆಡುವುದುಂಟು. ಕಸಿಯ ಸಸಿಗೆ ಖರ್ಚು ಹೆಚ್ಚಾದುದರಿಂದ ಇದು ಹೊಲವೆಲ್ಲಕ್ಕೂ ಆಗುವ ಮಾತಲ್ಲ, ರೋಗ ಕಂಡ ಮೂಲೆಗೆ ಮಾತ್ರ.