ರಕ್ತ ಎಲ್ಲಿ ತಯಾರಾಗುತ್ತದೆ?



ಕಡೂರು, ತರೀಕೆರೆ, ಅಜ್ಜಂಪುರ ಭಾಗದ ಸಂಘಗಳ ಸಭೆಗಳಲ್ಲಿ ನಾವು ಆಗಾಗ ಕೇಳುವ ಮಾತು: "ಸಿಸ್ಟರ್, ಯಾಕೋ ಸುಸ್ತು. ಎರಡು ಕೊಡ ನೀರು ತಂದ್ರೆ ಏದುಸಿರು ಬರುತ್ತೆ." ಪಕ್ಕದಲ್ಲಿ ಕುಳಿತವರು "ಹೆಂಗಸರಿಗೆ ಇದ್ದದ್ದೇ ಬಿಡಿ" ಅನ್ನುತ್ತಾರೆ. ಹಾಗೆ ಬಿಡುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. 20 ಜನರ ಸಂಘಕ್ಕೆ ಲೆಕ್ಕ ಹಾಕಿದರೆ 9-10 ಮಂದಿ! ಆದ್ದರಿಂದ ಈ ತಿಂಗಳು ರಕ್ತದ ಬಗ್ಗೆ ತಿಳಿಯೋಣ.

ರಕ್ತದಲ್ಲಿ ಏನಿದೆ?

ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿ ಹಳದಿ ದ್ರವ. ಅದರಲ್ಲಿ ಮೂರು ಬಗೆಯ ಕಣಗಳು ತೇಲುತ್ತಿರುತ್ತವೆ.

1. ಕೆಂಪು ರಕ್ತಕಣ: ಶ್ವಾಸಕೋಶದಿಂದ ಆಮ್ಲಜನಕವನ್ನು ಇಡೀ ದೇಹಕ್ಕೆ ಹೊತ್ತೊಯ್ಯುತ್ತದೆ. ಇದರೊಳಗಿನ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣಾಂಶ ಬೇಕು. ಆಯಸ್ಸು ಸುಮಾರು 120 ದಿನ.
2. ಬಿಳಿ ರಕ್ತಕಣ: ರೋಗಾಣುಗಳ ವಿರುದ್ಧ ಹೋರಾಡುವ ಕಾವಲುಗಾರ.
3. ಪ್ಲೇಟ್‌ಲೆಟ್: ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುತ್ತದೆ. ಆಯಸ್ಸು 8-10 ದಿನ. ಡೆಂಗ್ಯೂ ಜ್ವರದಲ್ಲಿ ಕಮ್ಮಿಯಾಗುವುದು ಇವೇ.

ಎಲ್ಲಿ, ಹೇಗೆ ಹುಟ್ಟುತ್ತವೆ?

ಮಾಂಸದ ಸಾರಿನಲ್ಲಿ ನಲ್ಲಿ ಮೂಳೆ ನೋಡಿದ್ದೀರಲ್ಲ? ಅದರೊಳಗಿನ ಮೆತ್ತನೆಯ ಭಾಗವೇ ಮಜ್ಜೆ. ನಮ್ಮ ಬೆನ್ನು, ಸೊಂಟ, ಎದೆ, ಪಕ್ಕೆಲುಬುಗಳ ಮೂಳೆಯ ಮಜ್ಜೆಯಲ್ಲಿ ಒಂದೇ ಬಗೆಯ ಮೂಲ ಕೋಶದಿಂದ ಈ ಮೂರೂ ಹುಟ್ಟುತ್ತವೆ, ಒಂದೇ ಅಗೆಮಡಿಯಿಂದ ಬೇರೆ ಬೇರೆ ಸಸಿ ಎದ್ದ ಹಾಗೆ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ತಯಾರಾಗುತ್ತವೆ. ಇದಕ್ಕೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಮತ್ತು ಪ್ರೋಟೀನ್ ಬೇಕು.

ಸಂಘದ ಲೆಕ್ಕದ ಹಾಗೆ ನೋಡಿ

ಮುದಿಯಾದ ಕೆಂಪು ಕಣವನ್ನು ಗುಲ್ಮ ಮತ್ತು ಪಿತ್ತಜನಕಾಂಗ ಒಡೆದು, ಕಬ್ಬಿಣಾಂಶವನ್ನು ಮತ್ತೆ ಮಜ್ಜೆಗೆ ಕೊಡುತ್ತವೆ. ಇದು ಸಾಲ ಮರುಪಾವತಿ ಆದ ಹಾಗೆ. ಆದರೆ ತಿಂಗಳ ಮುಟ್ಟು, ಹೆರಿಗೆ, ಕೊಕ್ಕೆಹುಳು ಇವುಗಳಿಂದ ಹೋದದ್ದು ವಾಪಸ್ ಬರುವುದಿಲ್ಲ. ಆಗ ದೇಹ ತನ್ನ ಉಳಿತಾಯದಿಂದ ತೆಗೆಯುತ್ತದೆ. ಉಳಿತಾಯ ಖಾಲಿಯಾದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ.

ಮಾತ್ರೆ ನುಂಗಿದಾಗ ಮೊದಲು ಹಿಮೋಗ್ಲೋಬಿನ್ ಏರುತ್ತದೆ, ಉಳಿತಾಯ ತುಂಬುವುದು ಕೊನೆಗೆ. ಒಂದು ತಿಂಗಳಿಗೆ ಸುಸ್ತು ಹೋಯ್ತು ಅಂತ ನಿಲ್ಲಿಸಿದರೆ ಪಾಸ್‌ಬುಕ್ ಖಾಲಿಯೇ ಉಳಿಯುತ್ತದೆ. ಹಿಮೋಗ್ಲೋಬಿನ್ ಸರಿಯಾದ ನಂತರವೂ ಸುಮಾರು ಮೂರು ತಿಂಗಳು, ವೈದ್ಯರು ಹೇಳುವವರೆಗೆ, ಮುಂದುವರಿಸಬೇಕು.

ನಾವು ಮಾಡಬೇಕಾದ್ದು

* ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಮಹಿಳೆಗೆ 12, ಗರ್ಭಿಣಿಗೆ 11 ಗ್ರಾಂ ಇರಬೇಕು. ಗರ್ಭಿಣಿಗೆ 7ಕ್ಕಿಂತ ಕಮ್ಮಿ ಇದ್ದರೆ ಪ್ರಾಣಾಪಾಯ. ತಡ ಮಾಡದೆ ಆಸ್ಪತ್ರೆಗೆ ಹೋಗಿ.
* ಗರ್ಭಿಣಿಯರು ನಾಲ್ಕನೇ ತಿಂಗಳಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಸರ್ಕಾರದ ಕೆಂಪು ಮಾತ್ರೆ ತಗೊಳ್ಳಬೇಕು. ಮಲ ಕಪ್ಪಾದರೆ ಹೆದರಬೇಡಿ.
* ನಮ್ಮದು ಕಾಫಿ ಜಿಲ್ಲೆ, ಆದರೂ ಊಟ ಅಥವಾ ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತಗೊಳ್ಳಿ.
* ರಾಗಿ ಮುದ್ದೆಗೆ ಮೊಳಕೆ ಹುರುಳಿ, ನುಗ್ಗೆ ಸೊಪ್ಪು, ಹರಿವೆ ಸೊಪ್ಪಿನ ಸಾರು ಮಾಡಿ, ನಿಂಬೆರಸ ಹಿಂಡಿ. ಸಾಧ್ಯವಾದಾಗ ಮೊಟ್ಟೆ, ಮೀನು, ಮಾಂಸ ತಿನ್ನಿ.
* ಒಂದು ತಿಂಗಳು ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ, ಮುಟ್ಟಿನ ಸ್ರಾವ ಹೆಚ್ಚಿದ್ದರೆ ವೈದ್ಯರನ್ನು ಕಾಣಿ.

ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ತಿನ್ನುವುದನ್ನೇ ತ್ಯಾಗ ಎಂದು ನಮಗೆ ಕಲಿಸಿದ್ದಾರೆ. ದೇವರು ಕೊಟ್ಟ ದೇಹವನ್ನು ಕಾಪಾಡುವುದೂ ನಮ್ಮ ಕರ್ತವ್ಯವೇ.

ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಹಿಮೋಗ್ಲೋಬಿನ್ ಎಷ್ಟೆಂದು ಗೊತ್ತು?
2. ಮಾತ್ರೆ ಅರ್ಧಕ್ಕೆ ಬಿಡಲು ಕಾರಣವೇನು?
3. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು?

ಮುಂದಿನ ಸಭೆಯೊಳಗೆ ಎಲ್ಲ ಸದಸ್ಯೆಯರೂ ಪರೀಕ್ಷೆ ಮಾಡಿಸುವುದೆಂದು ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ.