ವಸಡಿನ ಸೋಂಕು, ರಕ್ತದ ಸಕ್ಕರೆ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಬಂಧುಗಳೇ, ಸಕ್ಕರೆ ಕಾಯಿಲೆ ಬಂತೆಂದರೆ ಕಣ್ಣು, ಕಾಲು, ಮೂತ್ರಪಿಂಡ ತೋರಿಸಿಕೊಳ್ಳುತ್ತೇವೆ. ಬಾಯಿಯನ್ನು ಮಾತ್ರ ಮರೆತುಬಿಡುತ್ತೇವೆ.

ಹಲ್ಲು, ವಸಡಿನ ಸಂದಿಯಲ್ಲಿ ಕಟ್ಟುವ ಪಾಚಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಸಡು ಊದಿ ರಕ್ತ ಬರುತ್ತದೆ. ಆ ಉರಿಯೂತದ ಪರಿಣಾಮ ರಕ್ತದ ಮೂಲಕ ಇಡೀ ದೇಹಕ್ಕೆ ಹರಡಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ, ಸಕ್ಕರೆ ಏರುತ್ತದೆ. ಏರಿದ ಸಕ್ಕರೆ ಸೋಂಕಿನೊಡನೆ ಹೋರಾಡುವ ಶಕ್ತಿ ಕುಗ್ಗಿಸಿ ವಸಡನ್ನು ಇನ್ನಷ್ಟು ಕೆಡಿಸುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ವಸಡಿನ ರೋಗವಿದ್ದ ಮಧುಮೇಹಿಗಳಿಗೆ ಹಲ್ಲಿನ ಬೇರಿನವರೆಗೆ ಸ್ವಚ್ಛ ಮಾಡಿದಾಗ 3–4 ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.43 ಶೇಕಡಾವಾರು ಅಂಶ ಇಳಿದದ್ದನ್ನು ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಿದ 2022ರ ಕಾಕ್ರೇನ್ ಪರಾಮರ್ಶೆ ತೋರಿಸಿದೆ. ಹಾಗೆಂದು ಮಾತ್ರೆ, ಪಥ್ಯ ಬಿಡಬೇಡಿ. ಇದು ಅವುಗಳ ಜೊತೆಗಿನ ಆರೈಕೆ.

ದಿನಕ್ಕೆ ಎರಡು ಸಲ ಮೃದು ಬ್ರಷ್‌ನಿಂದ ಹಲ್ಲುಜ್ಜಿ. ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿ ಸುಟ್ಟ ತಂಬಾಕೇ. ಅದನ್ನೂ ಗುಟ್ಕಾವನ್ನೂ ಬಿಡಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಮಾತು ನಂಬಬೇಡಿ. ಹಲ್ಲು ಸಡಿಲಿಸುವುದು ರೋಗ. ದಂತವೈದ್ಯರಿಗೆ ನಿಮ್ಮ ಸಕ್ಕರೆಯ ಮಟ್ಟ, ನುಂಗುವ ಮಾತ್ರೆ ತಿಳಿಸಿ.

ವಸಡಿನಿಂದ ರಕ್ತ, ಬಾಯಿ ವಾಸನೆ, ಅಲುಗಾಡುವ ಹಲ್ಲು: ಇವುಗಳಲ್ಲಿ ಒಂದಿದ್ದರೂ ತಾಲೂಕಿನ ದಂತವೈದ್ಯರನ್ನೋ ಲಾತೂರಿನ ದಂತ ಕಾಲೇಜನ್ನೋ ಕಾಣಿ. ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಹಲ್ಲು ಬೀಳುವವರೆಗೆ ಕಾಯಬೇಡಿ.